ಬೇತಮಂಗಲ ಮತ್ತು ಬೆಂಗಳೂರು–ಚೆನ್ನೈ ಕಾರಿಡಾರ್: ಗಣನೆಯ ಘಟಕ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಕೋಲಾರ ಜಿಲ್ಲೆಯ ಬೇತಮಂಗಲವನ್ನು ಕೇಂದ್ರವಾಗಿಟ್ಟುಕೊಂಡು, ಬೆಂಗಳೂರು–ಚೆನ್ನೈ ನಡುವಣ ಕೈಗಾರಿಕಾ ಕಾರಿಡಾರ್ ಮತ್ತು ಎಕ್ಸ್‌ಪ್ರೆಸ್‌ವೇ ಕುರಿತ ಪ್ರಕಟಿತ ಅಂಕಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಲಾಗಿದೆ. ಯೋಜನೆಯಿಂದ ಊರಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿಲ್ಲ. ಆ ಪ್ರಶ್ನೆಗೆ ಉತ್ತರಿಸಲು ಬೇಕಾದ ಅಳತೆಯ ಘಟಕ ದಾಖಲೆಗಳಲ್ಲಿ ಇದೆಯೇ ಎಂಬುದಷ್ಟೇ ಇಲ್ಲಿಯ ವಿಚಾರ. ಈಗಿರುವ ರೂಪದಲ್ಲಿ ಇಲ್ಲ, ಆದರೆ ಕಟ್ಟಿಕೊಳ್ಳಲು ಸಾಧ್ಯವಿದೆ ಎಂಬುದು ಪ್ರಸ್ತುತ ಓದಿನ ಫಲಿತ.

2. ತಾಲ್ಲೂಕಿನಿಂದ ಹೋಬಳಿಗೆ

2.1. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆಯ ಪಕ್ಕದ ಈ ಊರು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. ಕೋಲಾರ ಜಿಲ್ಲೆಯ ಶಾಸನಗಳನ್ನು ಲೂಯಿ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಕೆರೆಯ ಪ್ರಾಚೀನತೆ ಪ್ರತ್ಯೇಕ ವಿಷಯ. ಅದನ್ನು ಇಲ್ಲಿ ಬೆಳೆಸಿಲ್ಲ.

2.2. ಬೆಂಗಳೂರು ದಂಡು–ಜೋಲಾರಪೇಟೆ ರೈಲು ಮಾರ್ಗ 1864ರ ಆಗಸ್ಟ್‌ನಲ್ಲಿ ಆರಂಭವಾಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲ್ಯೂಯಿನ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಆ ಮಾರ್ಗದ ಮೇಲೆ ಬೆಳೆಯಿತು. ಅಲ್ಲಿಯವರೆಗೆ ತಾಲ್ಲೂಕಿಗೆ ಬೇತಮಂಗಲದ ಹೆಸರಿತ್ತು. ಆಮೇಲೆ ಕೇಂದ್ರಸ್ಥಾನವೂ ಹೆಸರೂ ರೈಲು ನಿಲ್ದಾಣದ ಪೇಟೆಗೆ ಹೋದವು.

2.3. ರೈಲು ಬಂದು ಹಳೆಯ ಮದ್ರಾಸ್ ದಾರಿಯ ವ್ಯಾಪಾರ ಬೇರೆಡೆಗೆ ತಿರುಗಿದ್ದರಿಂದ ಬೇತಮಂಗಲ ಕುಗ್ಗಿತು ಎಂಬುದು ರೂಢಿಯ ವಿವರಣೆ. ಇದನ್ನು ಅಲ್ಲಗಳೆಯಲು ಕಾರಣವಿಲ್ಲ, ಆದರೆ ಇದೊಂದೇ ಕಾರಣವೆಂದು ಒಪ್ಪುವುದು ಕಷ್ಟ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ಪ್ರದೇಶಕ್ಕೆ ಕಾಲಿಟ್ಟದ್ದು 1880ರಲ್ಲಿ. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಸುಮಾರು 16 ಕಿ.ಮೀ. ಶಾಖಾ ಮಾರ್ಗ ಬಿದ್ದದ್ದು 1894ರಲ್ಲಿ. ಮೈಸೂರು ಸಂಸ್ಥಾನದ ಮೊದಲ ಜನಗಣತಿ 1871ರದು. ಅನಂತರ ಹತ್ತು ವರ್ಷಕ್ಕೊಂದು. ಹೀಗಾಗಿ ರೈಲಿನ ಮುಂಚಿನ ಗಣತಿಯೇ ಇಲ್ಲ, ರೈಲಿನ ಪರಿಣಾಮವನ್ನೂ ಗಣಿಯ ಸೆಳೆತವನ್ನೂ ದಶಕದ ಅಂಕಿಗಳಿಂದ ಬಿಡಿಸುವುದಕ್ಕೂ ಆಗದು. ಗಣಿ ಊರಿನ ಜನಸಂಖ್ಯೆ 1891ರಲ್ಲಿ ಸುಮಾರು 7,000 ಇದ್ದದ್ದು 1901ಕ್ಕೆ 38,000 ದಾಟಿತ್ತು ಎಂಬುದನ್ನು ಗಮನಿಸಿದರೆ, ಎರಡನೆಯ ಸೆಳೆತ ಸಣ್ಣದಲ್ಲ.

2.4. ಇತ್ತೀಚಿನ ಬದಲಾವಣೆಗಳು ಮೂರು. ಬೇತಮಂಗಲದ ಹೆಸರಿನ ವಿಧಾನಸಭಾ ಕ್ಷೇತ್ರ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಬೇರೆಯಾಗಿತ್ತು. 2018ರಲ್ಲಿ ಬಂಗಾರಪೇಟೆ ತಾಲ್ಲೂಕನ್ನು ಒಡೆದು ಕೆ.ಜಿ.ಎಫ್. ತಾಲ್ಲೂಕು ರಚಿಸಿದಾಗ ಬೇತಮಂಗಲ ಹೋಬಳಿ ಹೊಸ ತಾಲ್ಲೂಕಿಗೆ ಸೇರಿತು. ಆದ್ದರಿಂದ 2018ರ ಹಿಂದಿನ 'ಬಂಗಾರಪೇಟೆ ತಾಲ್ಲೂಕು' ಮತ್ತು ಮುಂದಿನ 'ಬಂಗಾರಪೇಟೆ ತಾಲ್ಲೂಕು' ಹೋಲಿಕೆಗೆ ಬರುವ ಘಟಕಗಳಲ್ಲ. ಅಧಿಕೃತ ಕೋಷ್ಟಕಗಳನ್ನು ಬಳಸುವವರು ಈ ಎಚ್ಚರಿಕೆಯನ್ನು ಅಡಿಟಿಪ್ಪಣಿಯಲ್ಲಾದರೂ ಕಾಣಿಸಬೇಕು. ಹಲವರು ಕಾಣಿಸುವುದಿಲ್ಲ.

3. ನೀರು ಮತ್ತು ವಿದ್ಯುತ್: ಹಿಂದಿನ ಒಂದು ಉದಾಹರಣೆ

3.1. ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ಮಾರ್ಗದ ಉದ್ದ 92 ಮೈಲಿ. ಕನ್ನಡ ಬರಹಗಳಲ್ಲಿ ಇದು ಸಾಮಾನ್ಯವಾಗಿ 147 ಕಿ.ಮೀ. ಎಂದು ಅಚ್ಚಾಗುತ್ತದೆ, ಪರಿವರ್ತಿಸಿದರೆ 148.06 ಬರುತ್ತದೆ. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಎಂದರೆ ಗಣಿಗಿಂತ ಮೂರು ವರ್ಷ ತಡವಾಗಿ. ಮೂಲಸೌಕರ್ಯ ಮೊದಲು ಉದ್ಯಮವನ್ನು ಮುಟ್ಟಿ, ನಡುವಣ ಊರುಗಳನ್ನು ಆಮೇಲೆ ಮುಟ್ಟುವ ಕ್ರಮ ಹೊಸದಲ್ಲ.

3.2. 20ನೇ ಶತಮಾನದ ಮೊದಲ ದಶಕದಲ್ಲಿ ಬೇತಮಂಗಲ ಕೆರೆಯಿಂದ ಗಣಿ ಪ್ರದೇಶಕ್ಕೆ ಕುಡಿಯುವ ನೀರು ಪಂಪ್ ಮಾಡುವ ವ್ಯವಸ್ಥೆಯಾಯಿತು. ಎರಡರ ನಡುವಿನ ಅಂತರ ಸುಮಾರು 10 ಕಿ.ಮೀ. ಇಲ್ಲಿ ಬೇತಮಂಗಲದ ಪಾತ್ರ ಪೂರೈಕೆಯ ಮೂಲದ್ದು. ಗಣಿಯ ಲೆಕ್ಕಪತ್ರಗಳಲ್ಲಿ ನೀರು ವೆಚ್ಚದ ಒಂದು ಬಾಬ್ತು. ಅಚ್ಚುಕಟ್ಟಿನ ರೈತರ ಪಾಲಿಗೆ ಅದೇ ನೀರು ಬೆಳೆಯ ಲೆಕ್ಕ. ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆಯುವ ಕಚೇರಿ ಆಗಲೂ ಇರಲಿಲ್ಲ: ಒಂದು ಗಣಿ ಊರಿನ ಆಡಳಿತಕ್ಕೆ ಸೇರಿದ್ದು, ಇನ್ನೊಂದು ಕಂದಾಯ ಇಲಾಖೆಗೆ.

3.3. ಪಾಲಾರ್‌ನ ಒಟ್ಟು 348 ಕಿ.ಮೀ. ಹರಿವಿನಲ್ಲಿ ಕರ್ನಾಟಕದ ಪಾಲು 93 ಕಿ.ಮೀ., ಆಂಧ್ರದ್ದು 33, ತಮಿಳುನಾಡಿನದು 222. ಮದ್ರಾಸ್ ಮತ್ತು ಮೈಸೂರು ಸರ್ಕಾರಗಳ 1892ರ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್ ಸೇರಿದೆ. ಹೀಗಾಗಿ ಈ ಭಾಗದಲ್ಲಿ ಹೊಸ ದೊಡ್ಡ ಸಂಗ್ರಹಣೆಯನ್ನು ಆಧಾರವಾಗಿಟ್ಟುಕೊಂಡು ಕೈಗಾರಿಕಾ ನೀರಿನ ಅಂದಾಜು ಮಾಡುವುದು ಕಾನೂನಿನ ದೃಷ್ಟಿಯಿಂದಲೇ ಇಕ್ಕಟ್ಟಿನ ಕೆಲಸ. 2018ರ ಜೂನ್‌ನಲ್ಲಿ ಚಾಲನೆಗೊಂಡ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ವಿನ್ಯಾಸ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಆದರೆ ಅದು ಬೆಂಗಳೂರಿನ ಸಂಸ್ಕರಿತ ನೀರಿನಿಂದ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವ ಯೋಜನೆ. 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟೆ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗೆ. ಎರಡನ್ನೂ ಕೂಡಿಸಿ 'ಕಾರಿಡಾರ್‌ಗೆ ಲಭ್ಯವಿರುವ ನೀರು' ಎಂದು ಬರೆಯುವುದು ಉದ್ದೇಶಗಳನ್ನು ಬೆರೆಸಿದಂತಾಗುತ್ತದೆ.

4. ಕಾರಿಡಾರ್ ಮತ್ತು ಎಕ್ಸ್‌ಪ್ರೆಸ್‌ವೇ ಒಂದೇ ಅಲ್ಲ

4.1. ಸ್ಥಳೀಯ ಮಾತಿನಲ್ಲೂ ಪತ್ರಿಕೆಗಳಲ್ಲೂ ಈ ಎರಡು ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವೆ. ದಾಖಲೆಗಳಲ್ಲಿ ಅವು ಬೇರೆ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ಗೆ ರಾಜತಾಂತ್ರಿಕ ಬೆಂಬಲ ದೊರೆತದ್ದು 2011ರ ಡಿಸೆಂಬರ್‌ನ ಭಾರತ–ಜಪಾನ್ ಮಾತುಕತೆಯಲ್ಲಿ. ಜಪಾನಿನ ಸಹಕಾರ ಸಂಸ್ಥೆ ಜೈಕಾದ ನೆರವಿನ ಯೋಜನಾ ಅಧ್ಯಯನ 2015ರ ಹೊತ್ತಿಗೆ ಮುಗಿಯಿತು. ಮುಂದುವರಿಸಲು ಆರಿಸಿಕೊಂಡ ಕೈಗಾರಿಕಾ ನೋಡ್‌ಗಳು ಆಂಧ್ರದ ಕೃಷ್ಣಪಟ್ಟಣಂ, ತಮಿಳುನಾಡಿನ ಪೊನ್ನೇರಿ, ಕರ್ನಾಟಕದ ತುಮಕೂರು. ಕೇಂದ್ರ ಸಂಪುಟ 2020ರ ಡಿಸೆಂಬರ್ 30ರಂದು ಕೃಷ್ಣಪಟ್ಟಣಂಗೆ 2,139.44 ಕೋಟಿ ರೂ. ಮತ್ತು ತುಮಕೂರಿಗೆ 1,701.81 ಕೋಟಿ ರೂ. ಅಂದಾಜಿಗೆ ಒಪ್ಪಿಗೆ ನೀಡಿತು.

4.2. ಭೂಗೋಳದ ದೃಷ್ಟಿಯಿಂದ ಇದು ಗಮನಾರ್ಹ. ಕರ್ನಾಟಕದ ನೋಡ್ ಬೆಂಗಳೂರಿನ ವಾಯವ್ಯಕ್ಕಿದೆ; ಬೇತಮಂಗಲ ಪೂರ್ವಕ್ಕೆ. ಕಾರಿಡಾರ್‌ನ ಹೆಸರಿನಲ್ಲಿರುವ ಎರಡು ನಗರಗಳ ನಡುವೆ ಕರ್ನಾಟಕದ ನೆಲದಲ್ಲಿ ಮಂಜೂರಾದ ನೋಡ್ ಇಲ್ಲ. ಆದ್ದರಿಂದ ಕಾರಿಡಾರ್ ಯೋಜನೆಯ ವೆಚ್ಚದ ಅಂಕಿಗಳನ್ನು ಕೆ.ಜಿ.ಎಫ್.–ಬಂಗಾರಪೇಟೆ ಭಾಗಕ್ಕೆ ಅನ್ವಯಿಸಲು ಸದ್ಯಕ್ಕೆ ಆಧಾರವಿಲ್ಲ.

4.3. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಭಾರತಮಾಲಾ ಕಾರ್ಯಕ್ರಮದಡಿಯ ರಸ್ತೆ ಯೋಜನೆ. ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಮೇ 26ರಂದು ಚೆನ್ನೈಯಲ್ಲಿ. ಆ ಸಂದರ್ಭದ ಸರ್ಕಾರಿ ಪ್ರಕಟಣೆಯಲ್ಲಿ ಉದ್ದ 262 ಕಿ.ಮೀ., ವೆಚ್ಚ 14,870 ಕೋಟಿ ರೂ.ಗೂ ಹೆಚ್ಚು. ಅನಂತರದ ಬರಹಗಳಲ್ಲಿ ಸುಮಾರು 17,900 ಕೋಟಿ ರೂ. ಎಂಬ ಅಂಕಿಯೂ ಇದೆ. ಒಂದು ಅಂಕಿ ನಿರ್ಮಾಣ ವೆಚ್ಚವನ್ನು, ಇನ್ನೊಂದು ಭೂಸ್ವಾಧೀನವನ್ನೂ ಒಳಗೊಂಡಿರಬಹುದು. ಇದು ಊಹೆ, ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸದಿರುವುದು ಕ್ಷೇಮ.

5. ಕರ್ನಾಟಕದ ಭಾಗ ಎಷ್ಟು ಕಿ.ಮೀ.?

5.1. ಕರ್ನಾಟಕದ ಭಾಗದ ಉದ್ದಕ್ಕೆ ಕನಿಷ್ಠ ನಾಲ್ಕು ಅಂಕಿಗಳು ಚಲಾವಣೆಯಲ್ಲಿವೆ: 68, 71, 71.7 ಮತ್ತು 75.64 ಕಿ.ಮೀ. ವ್ಯತ್ಯಾಸ ಅಲ್ಪವೆಂದು ಬಿಡಬಹುದಿತ್ತು. ಆದರೆ ಅದು ಬಿದ್ದಿರುವುದು ನಿಖರವಾಗಿ ಬೇತಮಂಗಲದ ಪೂರ್ವಕ್ಕೆ, ರಾಜ್ಯದ ಗಡಿಯ ಹತ್ತಿರ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

5.2. ಗುತ್ತಿಗೆಯ ಪ್ಯಾಕೇಜ್‌ಗಳು ಹತ್ತು. ಹೊಸಕೋಟೆ–ಮಾಲೂರು 26.4 ಕಿ.ಮೀ., ಮಾಲೂರು–ಬಂಗಾರಪೇಟೆ 27.1, ಬಂಗಾರಪೇಟೆ–ಬೇತಮಂಗಲ 17.5: ಇವು ಮೊದಲ ಹಂತ. ಬೇತಮಂಗಲ–ಬೈರೆಡ್ಡಿಪಲ್ಲಿ 25, ಬೈರೆಡ್ಡಿಪಲ್ಲಿ–ಬಂಗಾರುಪಾಳ್ಯಂ 31, ಬಂಗಾರುಪಾಳ್ಯಂ–ಗುಡಿಪಾಲ 29: ಎರಡನೆಯ ಹಂತ. ಗುಡಿಪಾಲ–ವಾಲಾಜಾಪೇಟೆ 24, ವಾಲಾಜಾಪೇಟೆ–ಅರಕ್ಕೋಣಂ 24.5, ಅರಕ್ಕೋಣಂ–ಕಾಂಚೀಪುರಂ 25.5, ಕಾಂಚೀಪುರಂ–ಶ್ರೀಪೆರಂಬುದೂರು 31.7: ಮೂರನೆಯದು. ಹಂತಗಳ ಮೊತ್ತ ಅನುಕ್ರಮವಾಗಿ 71.0, 85.0, 105.7. ಒಟ್ಟು 261.7, 262 ಎಂಬುದು ಇದನ್ನೇ ಪೂರ್ಣಾಂಕಕ್ಕೆ ಏರಿಸಿದ್ದೆಂದು ತೋರುತ್ತದೆ.

5.3. ರಾಜ್ಯವಾರು ವಿಂಗಡಣೆಯಾಗಿ ಉಲ್ಲೇಖಗೊಳ್ಳುವ ಅಂಕಿಗಳು ಬೇರೆ: ಕರ್ನಾಟಕ 75.64, ಆಂಧ್ರಪ್ರದೇಶ 88.30, ತಮಿಳುನಾಡು 98.32. ಮೊತ್ತ 262.26. ಪ್ಯಾಕೇಜ್ ಮೊತ್ತಕ್ಕಿಂತ 0.56 ಕಿ.ಮೀ. ಹೆಚ್ಚು. ಈ ಅರ್ಧ ಕಿಲೋಮೀಟರು ವಿನ್ಯಾಸದ ಪರಿಷ್ಕರಣೆಯಿಂದ ಬಂದಿರಬಹುದು, ಗಂಭೀರವಲ್ಲ.

5.4. ಗಂಭೀರವಾದದ್ದು ಹಂಚಿಕೆ. ಎರಡೂ ಸರಣಿಗಳನ್ನು ಹೊಸಕೋಟೆಯ ಶೂನ್ಯ ಬಿಂದುವಿನಿಂದ ಚೈನೇಜ್ ಆಗಿ ಇಳಿಸಿದರೆ ಮೊದಲ ಹಂತ 71.00 ಕಿ.ಮೀ.ಗೆ ಮುಗಿಯುತ್ತದೆ, ಕರ್ನಾಟಕ 75.64ಕ್ಕೆ. ಎರಡನೆಯ ಹಂತ 156.00ಕ್ಕೆ ಮುಗಿಯುತ್ತದೆ, ಆಂಧ್ರ 163.94ಕ್ಕೆ. ಅಂದರೆ ಮೊದಲ ಹಂತವೆಂದರೆ ಕರ್ನಾಟಕ, ಎರಡನೆಯದೆಂದರೆ ಆಂಧ್ರ ಎಂಬ ಸಮೀಕರಣ ಸರಿಯಲ್ಲ. ರಾಜ್ಯವಾರು ಅಂಕಿಗಳನ್ನು ಒಪ್ಪಿದರೆ ಕರ್ನಾಟಕದ ಕೊನೆಯ 4.64 ಕಿ.ಮೀ. ಎರಡನೆಯ ಹಂತದ ಮೊದಲ ಪ್ಯಾಕೇಜ್‌ನಲ್ಲಿದೆ. ಆಂಧ್ರದ ಕೊನೆಯ 7.94 ಕಿ.ಮೀ. ಮೂರನೆಯ ಹಂತದಲ್ಲಿದೆ. ಗುಡಿಪಾಲ ಚಿತ್ತೂರು ಜಿಲ್ಲೆಯ ಊರೇ ಆಗಿರುವುದು ಈ ಓದಿಗೆ ಪೂರಕ. ಬೇತಮಂಗಲವೂ ಗಡಿಯ ಮೇಲಿಲ್ಲ, ಗಡಿಗಿಂತ ಪಶ್ಚಿಮಕ್ಕಿದೆ. ಎರಡು ತುದಿಗಳಲ್ಲೂ ತಪ್ಪು ಒಂದೇ ದಿಕ್ಕಿಗೆ ವಾಲುವುದರಿಂದ ಇದು ಆಕಸ್ಮಿಕ ಅಚ್ಚಿನ ದೋಷವಿರಲಾರದು.

5.5. ಆದರೂ ಈ ತೀರ್ಮಾನಕ್ಕೊಂದು ಮಿತಿಯಿದೆ. ಪ್ಯಾಕೇಜ್‌ನ ಹೆಸರಿನಲ್ಲಿರುವ 'ಬೇತಮಂಗಲ' ಊರಿನ ಬಸ್ ನಿಲ್ದಾಣವೂ ಅಲ್ಲ, ಕೆರೆಯ ಏರಿಯೂ ಅಲ್ಲ. ಗುತ್ತಿಗೆ ಕಾಗದದ ಮಟ್ಟಿಗೆ ಅದು 71.00 ಎಂಬ ಬಿಂದುವಿಗಿಟ್ಟ ಹೆಸರು. 71.7 ಎಂಬ ಅಂಕಿಯಲ್ಲಿ ಹೆಚ್ಚುವರಿ 0.7 ಕಿ.ಮೀ. ಸಂಪರ್ಕ ಭಾಗವಿರಬಹುದು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕದ ಭಾಗದಲ್ಲಿ ವಾಹನ ಸಂಚಾರ ಆರಂಭವಾದಾಗ ವರದಿಗಳಲ್ಲಿ ಬಂದ 68 ಮತ್ತು 71 ಸಂಚಾರಕ್ಕೆ ತೆರೆದ ಉದ್ದವನ್ನು ಹೇಳುತ್ತವೆಯೇ ಹೊರತು ರಾಜ್ಯದೊಳಗಿನ ಉದ್ದವನ್ನಲ್ಲ. 'ಕರ್ನಾಟಕದ ಭಾಗ ಪೂರ್ಣ' ಎಂಬ ವಾಕ್ಯವನ್ನು ಉಲ್ಲೇಖಿಸುವವರು ಯಾವ ಅಂಕಿಯ ಅರ್ಥದಲ್ಲಿ ಎಂಬುದನ್ನು ಜೊತೆಗೇ ಹೇಳಬೇಕು. ಗಡಿಯ ಕಡೆಯ ಗ್ರಾಮಗಳ ಪಾಲಿಗೆ ಇದು ಬರಿಯ ಅಂಕಿಯ ಜಗಳವಲ್ಲ. ಅಡ್ಡರಸ್ತೆ, ಕೆಳಸೇತುವೆ, ಕಾಲುವೆ ದಾಟುವ ಮೋರಿ ಇವುಗಳ ದೂರನ್ನು ಯಾವ ಪ್ಯಾಕೇಜ್‌ನ ಅಧಿಕಾರಿಗೆ ಕೊಡಬೇಕು ಎಂಬುದು ಈ 4.64 ಕಿ.ಮೀ.ಯನ್ನು ಅವಲಂಬಿಸಿದೆ.

6. ಭೂಮಿ: ಎರಡು ಕಾಯ್ದೆ, ಮೂರು ವಿಸ್ತೀರ್ಣ

6.1. ಎಕ್ಸ್‌ಪ್ರೆಸ್‌ವೇ ಜಮೀನು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಬರುತ್ತದೆ: 3ಎ ಉದ್ದೇಶದ ಅಧಿಸೂಚನೆ, 3ಡಿ ಘೋಷಣೆ, 3ಜಿ ಪರಿಹಾರ ನಿಗದಿ. 2015ರ ಜನವರಿ 1ರಿಂದ ಪರಿಹಾರದ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾಯ್ದೆಯ ಸೂತ್ರ ಅನ್ವಯಿಸುತ್ತದೆ. ಆದರೆ ಹೆದ್ದಾರಿ ಕಾಯ್ದೆ ಅದರ ನಾಲ್ಕನೇ ಅನುಸೂಚಿಯಲ್ಲಿರುವುದರಿಂದ ಸಾಮಾಜಿಕ ಪರಿಣಾಮ ಅಧ್ಯಯನ ಕಡ್ಡಾಯವಲ್ಲ. ಕೈಗಾರಿಕಾ ಪ್ರದೇಶದ ಜಮೀನು 1966ರ ಕೆ.ಐ.ಎ.ಡಿ.ಬಿ. ಕಾಯ್ದೆಯ 28(1), 28(4) ಅಧಿಸೂಚನೆಗಳ ದಾರಿ ಹಿಡಿಯುತ್ತದೆ. 29(2)ರಡಿ ಒಪ್ಪಂದದ ದರಕ್ಕೆ ಅವಕಾಶವಿದೆ.

6.2. ಇದರ ಪರಿಣಾಮ ಸಂಶೋಧಕನಿಗೆ ನೇರವಾಗಿ ತಟ್ಟುತ್ತದೆ. ಸಾಮಾಜಿಕ ಪರಿಣಾಮ ಅಧ್ಯಯನ ನಡೆದಿದ್ದರೆ ಕುಟುಂಬವಾರು ಆರಂಭಿಕ ಅಂಕಿಅಂಶ ಸಿಗುತ್ತಿತ್ತು. ಈಗ ಉಳಿಯುವುದು 2006ರ ಅಧಿಸೂಚನೆಯಂತೆ ತಯಾರಾಗುವ ಪರಿಸರ ಪರಿಣಾಮ ವರದಿ. ಅದರ ಘಟಕ ರಸ್ತೆಯ ಎರಡೂ ಬದಿಯ ಪಟ್ಟಿ, ಹೋಬಳಿಯಲ್ಲ.

6.3. ಗಣಿ ಪ್ರದೇಶದ ಜಮೀನಿನ ಬಗ್ಗೆ ಮೂರು ವಿಸ್ತೀರ್ಣಗಳು ಒಟ್ಟೊಟ್ಟಿಗೆ ಕಾಣುತ್ತವೆ. ಭಾರತ್ ಗೋಲ್ಡ್ ಮೈನ್ಸ್‌ನ 12,000 ಎಕರೆಗೂ ಹೆಚ್ಚಿನ ಸ್ವತ್ತಿನಲ್ಲಿ ಕೈಗಾರಿಕಾ ಟೌನ್‌ಶಿಪ್‌ಗೆಂದು ಚರ್ಚೆಯಾದದ್ದು ಸುಮಾರು 3,200 ಎಕರೆ. ಬಿ.ಇ.ಎಂ.ಎಲ್. ಬಳಸದೆ ಉಳಿಸಿದ್ದು, ರಾಜ್ಯ ಹಿಂಪಡೆಯಲು ಮುಂದಾದದ್ದು ಸುಮಾರು 970 ಎಕರೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ 13 ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿದ್ದು 1,003.4 ಎಕರೆಗೆ; ದಿಬ್ಬಗಳಲ್ಲಿರುವ ಗಣಿ ತ್ಯಾಜ್ಯ ಸುಮಾರು 3.3 ಕೋಟಿ ಟನ್. ಮೂರರ ಉದ್ದೇಶ, ಮಣ್ಣಿನ ಸ್ಥಿತಿ ಬೇರೆ ಬೇರೆ. ಇವನ್ನು ಕೂಡಿಸಿ 5,000 ಎಕರೆಗೂ ಹೆಚ್ಚು ಕೈಗಾರಿಕಾ ಭೂಮಿ ಎಂದು ಬರೆದರೆ ಅಂಕಗಣಿತ ಸರಿ, ಅರ್ಥ ತಪ್ಪು.

6.4. ಗಣಿ ಮುಚ್ಚಿದ ದಿನಾಂಕದಲ್ಲೂ 2001ರ ಫೆಬ್ರವರಿ 28, ಮಾರ್ಚ್ 1 ಎಂಬ ಎರಡು ನಮೂದುಗಳಿವೆ. ಕೆಲಸದ ಕೊನೆಯ ದಿನ ಮತ್ತು ಆದೇಶ ಜಾರಿಯಾದ ಮರುದಿನ ಎಂದು ಓದಿದರೆ ವಿರೋಧವಿಲ್ಲ.

7. ಹಿಂದುಳಿದಿರುವಿಕೆಯ ಸೂಚ್ಯಂಕ

ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಪ್ರಾದೇಶಿಕ ಯೋಜನೆಯ ಚರ್ಚೆ ಇಂದಿಗೂ ಈ ಚೌಕಟ್ಟನ್ನು ಬಿಟ್ಟಿಲ್ಲ. ಸೂಚ್ಯಂಕದ ಗುಣ ಕುರಿತು ಇಲ್ಲಿ ತಕರಾರಿಲ್ಲ. ಘಟಕದ ಬಗ್ಗೆ ಇದೆ. 2002ರ ಬಂಗಾರಪೇಟೆ ತಾಲ್ಲೂಕಿನಲ್ಲಿ ಕೆ.ಜಿ.ಎಫ್. ನಗರವೂ ಇತ್ತು. ಶತಮಾನದ ಹಿಂದೆಯೇ ವಿದ್ಯುತ್, ಆಸ್ಪತ್ರೆ, ಶಾಲೆ, ರೈಲು ಪಡೆದ ಆ ನಗರದ ಅಂಕಿಗಳು ಬೇತಮಂಗಲದ ಕೃಷಿ ಗ್ರಾಮಗಳ ಅಂಕಿಗಳೊಡನೆ ಸರಾಸರಿಯಾಗಿ ಬೆರೆತವು. ಮೇಲಾಗಿ ಗಣಿ ಮುಚ್ಚಿದ್ದು 2001ರಲ್ಲಿ. ಸೂಚಕಗಳ ಬಹುಪಾಲು ಅಂಕಿಗಳು ಅದಕ್ಕೂ ಹಿಂದಿನ ಅಥವಾ ಅದೇ ಹೊತ್ತಿನವಾಗಿದ್ದರೆ, ಮುಚ್ಚುಗಡೆಯ ಪೆಟ್ಟು ಅವುಗಳಲ್ಲಿ ಕಾಣಿಸದು. 2018ರ ವಿಭಜನೆಯಲ್ಲಿ ಬೇತಮಂಗಲ ಮತ್ತೆ ಅದೇ ನಗರದೊಡನೆ ಒಂದೇ ತಾಲ್ಲೂಕಿಗೆ ಬಿದ್ದಿರುವುದರಿಂದ ಈ ಬೆರಕೆ ಮುಂದುವರಿಯುತ್ತದೆ. ತಾಲ್ಲೂಕು ಚಿಕ್ಕದಾದ್ದರಿಂದ ನಗರದ ತೂಕ ಹಿಂದಿಗಿಂತ ಹೆಚ್ಚೇ ಆದೀತು.

8. ಕನಿಷ್ಠ ಅಳತೆಯ ಒಂದು ಪ್ರಸ್ತಾವ

8.1. ಹೋಬಳಿ ಕಂದಾಯ ಇಲಾಖೆಯ ಘಟಕ, ಜನಗಣತಿಯದಲ್ಲ. ಆದರೆ ಜನಗಣತಿಯ ಗ್ರಾಮ ಸಂಕೇತಗಳನ್ನು ಹೋಬಳಿಯ ಕಂದಾಯ ಗ್ರಾಮಗಳೊಡನೆ ಹೊಂದಿಸಿ ಒಂದು ಪಟ್ಟಿ ಮಾಡಬಹುದು. 2011ರ ಗ್ರಾಮವಾರು ಅಂಕಿಗಳಲ್ಲಿ ಈ ಗ್ರಾಮಗಳು ಬಂಗಾರಪೇಟೆ ತಾಲ್ಲೂಕಿನಡಿ ಇವೆ. ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1, ಅಲ್ಲಿ ಕೆ.ಜಿ.ಎಫ್. ತಾಲ್ಲೂಕಿನಡಿ ಬರಬೇಕು. ತಾಲ್ಲೂಕಿನ ಮೊತ್ತವನ್ನು ಬಿಟ್ಟು ಗ್ರಾಮಗಳ ಮೊತ್ತವನ್ನು ಹೋಲಿಸಿದರೆ ಗಡಿ ಬದಲಾವಣೆಯ ದೋಷ ತಪ್ಪುತ್ತದೆ.

8.2. 3ಎ ಮತ್ತು 3ಡಿ ಅಧಿಸೂಚನೆಗಳು ಗ್ರಾಮ ಹಾಗೂ ಸರ್ವೆ ನಂಬರ್‌ವಾರು ರಾಜಪತ್ರದಲ್ಲಿ ಪ್ರಕಟವಾಗುತ್ತವೆ. ಇವುಗಳಿಂದ ಜಮೀನು ಬಿಟ್ಟುಕೊಟ್ಟ ಗ್ರಾಮಗಳನ್ನೂ ಬಿಡದ ನೆರೆಗ್ರಾಮಗಳನ್ನೂ ಪ್ರತ್ಯೇಕಿಸಬಹುದು. ಪ್ರವೇಶ ನಿಯಂತ್ರಿತ ರಸ್ತೆಯಾದ್ದರಿಂದ ಮೂರನೆಯ ಗುಂಪೊಂದು ಅಗತ್ಯ: ಇಂಟರ್‌ಚೇಂಜ್‌ಗೆ ಹತ್ತಿರವಿರುವ ಗ್ರಾಮಗಳು. ರಸ್ತೆ ಪಕ್ಕದಲ್ಲೇ ಹಾದರೂ ಹತ್ತುವ ದಾರಿಯಿಲ್ಲದ ಗ್ರಾಮವನ್ನು ಈ ಗುಂಪಿಗೆ ಸೇರಿಸಬಾರದು.

8.3. ಆರೋಪಣೆಯ ತೊಡಕು ಹಾಗೆಯೇ ಉಳಿಯುತ್ತದೆ. ಕೋಲಾರ ಜಿಲ್ಲೆಯ ಇತ್ತೀಚಿನ ದೊಡ್ಡ ಕಾರ್ಖಾನೆಗಳು, ಉದಾಹರಣೆಗೆ 2013ರಲ್ಲಿ ಉತ್ಪಾದನೆ ಆರಂಭಿಸಿದ ನರಸಾಪುರದ ಹೋಂಡಾ ದ್ವಿಚಕ್ರ ವಾಹನ ಘಟಕ ಮತ್ತು 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ಮೊಬೈಲ್ ಫೋನ್ ಘಟಕ, ರಾಷ್ಟ್ರೀಯ ಹೆದ್ದಾರಿ 75ರ ಸಾಲಿನಲ್ಲಿ, ಎಕ್ಸ್‌ಪ್ರೆಸ್‌ವೇ ತೆರೆಯುವ ಮೊದಲೇ ನೆಲೆಯೂರಿದವು. ಬೇತಮಂಗಲದ ಗ್ರಾಮಗಳಿಂದ ಅಲ್ಲಿಗೆ ದುಡಿಯಲು ಹೋಗುವವರನ್ನು 2027ರ ಗಣತಿ 'ಇತರ ಕೆಲಸಗಾರರು' ಎಂದು ದಾಖಲಿಸಿದರೆ, ಆ ಏರಿಕೆಯಲ್ಲಿ ಎಕ್ಸ್‌ಪ್ರೆಸ್‌ವೇ ಪಾಲೆಷ್ಟು ಎಂಬುದು ಅಂಕಿಯಿಂದಲೇ ತಿಳಿಯದು. ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಲೆಕ್ಕವೂ ಇದೇ ವರ್ಗದಲ್ಲಿ ಸೇರಿಕೊಳ್ಳುತ್ತದೆ. ಮಾರಿಕುಪ್ಪಂ–ಕುಪ್ಪಂ ನಡುವಣ ಸುಮಾರು 24 ಕಿ.ಮೀ. ಹೊಸ ರೈಲು ಮಾರ್ಗ ಸಂಚಾರಕ್ಕೆ ತೆರೆದಾಗ ಹೋಲಿಕೆಯ ಆರಂಭ ಬಿಂದುವನ್ನು ಇನ್ನೊಮ್ಮೆ ನಿಗದಿಪಡಿಸಬೇಕಾಗುತ್ತದೆ.